ರಸ್ತೆಗಿಳಿದ ವಿಮಾನಗಳು

ಕಲ್ಕತ್ತೆಯ ಮೈದಾನದ ನಡುವಣ ರೆಡ್ ರೋಡನ್ನು ನಮ್ಮ ವಾಚಕರಲ್ಲಿ ಹಲವರು ನೋಡಿರಬಹುದು. ಇಂದು ಅದರ ಹೆಸರು ಇಂದಿರಾ ಗಾಂಧಿ ಸರಣಿ. ಗಣರಾಜ್ಯದಿನದ ಪಥಸಂಚಲನ ನಡೆಯುವುದು ಅಲ್ಲಿಯೇ. ಆ ಬೀದಿಯೇ ಒಮ್ಮೆ ಯುದ್ಧವಿಮಾನಗಳ ನೆಲೆಯಾಗಿದ್ದಿತೆಂದರೆ ಎಷ್ಟು ಮಂದಿ ನಂಬಿಯಾರು?

1942ರ ಮಾರ್ಚ್ ತಿಂಗಳಿನಲ್ಲಿ ರಂಗೂನು ಜಪಾನೀಯರ ವಶವಾಯಿತು. ಕಲ್ಕತ್ತೆಯ ಕಾವಲಿಗೆಂದು ಬಂದ ಹರಿಕೇನ್ ವಿಮಾನಗಳಿಗೆ ಈ ರಸ್ತೆಯೇ ಓಡುದಾರಿಯಾಯಿತು. ರಸ್ತೆಯೇನೋ ನೇರ; ಆದರೆ ಮಳೆನೀರು ಹರಿದುಹೋಗಲೆಂದು ಅದರ ನಡುವನ್ನು ಉಬ್ಬಿಸಿ ಕಟ್ಟಿದ್ದರು. ಇಳಿಯುವ ವಿಮಾನವು ನಡುಗೆರೆಯಿಂದ ಕೊಂಚ ಸರಿದರೂ ಪಕ್ಕಕ್ಕೆಳೆಯುವುದು. ಗಾಡಿಗಳಿಗೆ ಅನುಕೂಲವಾಗಿದ್ದ ಉಬ್ಬು ವೈಮಾನಿಕನ ಪ್ರಾಣಕ್ಕೆ ಸಂಚಕಾರ!

ಡಿಸೆಂಬರ್ 20ರ ರಾತ್ರಿ ನಗರದ ಮೇಲೆ ಬಾಂಬು ಬಿದ್ದಿತು. ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ಊರು ತೊರೆದರು. ಹಗಲಿನಲ್ಲಿ ಶೂರವಾದ ಹರಿಕೇನು ಇರುಳಿನಲ್ಲಿ ಕುರುಡು. ಮರುತಿಂಗಳು ರೇಡಾರ್ ಹೊತ್ತ ಬ್ಯೂಫೈಟರುಗಳು ಡಂಡಂ ನೆಲೆಗೆ ಬಂದವು. ಜನವರಿ 15ರ ಒಂದೇ ರಾತ್ರಿ ಮೂರು ಶತ್ರುವಿಮಾನಗಳನ್ನು ಕೆಡವಿದವು. ಓಡಿಹೋದವರು ಒಬ್ಬೊಬ್ಬರಾಗಿ ಹಿಂತಿರುಗಿದರು. ಆದರೆ ಆ ವರ್ಷವೇ ಬಂಗಾಳಕ್ಕೆ ಬಂದ ಕ್ಷಾಮವನ್ನು ತಡೆಯಲು ಯಾವ ವಿಮಾನವೂ ಏರಲಿಲ್ಲ.

ಯುದ್ಧ ಮುಗಿದೊಡನೆ ಮೋಟಾರುಗಳು ತಮ್ಮ ದಾರಿಯನ್ನು ಮರಳಿ ಪಡೆದವು.