ರೊಟ್ಟಿಗೆ ಬೇಕು, ಹಾಡಿಗೆ ಬೇಡವೇ?



ಬೀದರಿನ ಹತ್ತಿರ ಜನವಾಡ ಅಂತ ಒಂದು ಊರು. ಅಲ್ಲಿ ಮಾಯಿ ಭಾಗೋ ಹೆಸರಿನ ಗುರುದ್ವಾರವಿದೆ. 1705ರಲ್ಲಿ, ಗುರು ಗೋವಿಂದಸಿಂಗರನ್ನು ಬಿಟ್ಟು ಬಂದಿದ್ದ ನಲವತ್ತು ಗಂಡಸರಿಗೆ ಛೀಮಾರಿ ಹಾಕಿ, ಅವರನ್ನು ಮತ್ತೆ ಯುದ್ಧಕ್ಕೆ ನಡೆಸಿದ ಹೆಣ್ಣು ಆಕೆ. ಕೊನೆಗಾಲ ಕಳೆದದ್ದು ಈ ನೆಲದಲ್ಲೇ ಎಂದು ಸಿಖ್ಖರ ನಂಬಿಕೆ.

ಹೆಣ್ಣನ್ನು ಕೀಳೆಂದವರನ್ನು ನಾನಕರು ಪ್ರಶ್ನಿಸಿದರು. ಗುರು ಅಮರದಾಸರು ಸತಿಯನ್ನೂ ಪರದೆಯನ್ನೂ ವಿರೋಧಿಸಿದರು. ಅಮೃತ ಕೊಡುವ ಐವರಲ್ಲಿ ಹೆಣ್ಣೂ ಇರಬಹುದು ಎನ್ನುತ್ತದೆ ಸಿಖ್ಖರ ರೆಹತ್ ಮರ್ಯಾದಾ. 1999ರಲ್ಲಿ ಬೀಬಿ ಜಾಗೀರ್ ಕೌರ್ ಗುರುದ್ವಾರಾ ಪ್ರಬಂಧಕ ಕಮಿಟಿಯ ಮೊದಲ ಮಹಿಳಾ ಅಧ್ಯಕ್ಷರಾದರು.

ಇಷ್ಟೆಲ್ಲ ಇದ್ದೂ ಆದದ್ದೇನು? ಅಮೃತಸರದ ಹರಿಮಂದಿರದೊಳಗೆ ಕೀರ್ತನೆ ಹಾಡಲು ಹೆಂಗಸರಿಗೂ ಅವಕಾಶ ಕೊಡಿ ಎಂದು 2019ರ ನವೆಂಬರಿನಲ್ಲಿ ಪಂಜಾಬಿನ ವಿಧಾನಸಭೆ ನಿರ್ಣಯ ಮಾಡಿ ಕೇಳಬೇಕಾಯಿತು! ಲಂಗರಿನಲ್ಲಿ ಹಿಟ್ಟು ನಾದೋಕೆ, ರೊಟ್ಟಿ ಬೇಯಿಸೋಕೆ ಅವಳು ಬೇಕು. ಆ ರೊಟ್ಟಿಗೆ ಮೈಲಿಗೆ ಇಲ್ಲ. ಅವಳ ದನಿಗೆ ಮಾತ್ರ ಯಾಕೆ ತಡೆ?

ಈ ಬಾಗಿಲು ನಮಗೆ ಹೊಸದಲ್ಲ. 1920ರಲ್ಲಿ ಅದೇ ಹರಿಮಂದಿರದಲ್ಲಿ ದಲಿತ ಸಿಖ್ಖರು ತಂದ ಪ್ರಸಾದವನ್ನು ಪೂಜಾರಿಗಳು ಮುಟ್ಟಲೊಲ್ಲೆ ಎಂದರು. ಜನ ಬಿಡಲಿಲ್ಲ. ಗ್ರಂಥವನ್ನೇ ತೆರೆದು ಓದಿಸಿದರು, ಪ್ರಸಾದ ಸ್ವೀಕರಿಸಲೇಬೇಕಾಯಿತು. ಗ್ರಂಥ ಸಮಾನತೆ ಹೇಳಿದ್ದರೆ ಸಾಲದು, ಅದನ್ನು ಹಿಡಿದು ಬಾಗಿಲಲ್ಲಿ ನಿಲ್ಲುವ ಜನ ಬೇಕು.

ಪಂಜಾಬಿನ ಮಾತು ಆಡಿ ಕೈ ತೊಳೆದುಕೊಳ್ಳುವವರಲ್ಲ ನಾವು. ನಮ್ಮ ಸಭೆಗಳನ್ನೇ ನೋಡಿ. ವೇದಿಕೆ ತುಂಬ ಗಂಡಸರು. ಚಹಾ ಹಂಚೋಕೆ ಅಕ್ಕತಂಗಿಯರು. ಹಾಸ್ಟೆಲಿನಲ್ಲಿ ಕೂತು ಸಮಾನತೆಯ ಪದ್ಯ ಬರೆಯುವ ನಾವು ರಜೆಗೆ ಊರಿಗೆ ಹೋದರೆ ಉಂಡ ತಟ್ಟೆಯನ್ನು ಅವ್ವನ ಕೈಗೇ ಕೊಡುತ್ತೇವೆ. ತಂಗಿಯ ಶಾಲೆ ಬಿಡಿಸಿದರೂ ಬಾಯಿ ಬಿಡುವುದಿಲ್ಲ. ಪುರೋಹಿತ ನಮಗೆ ಮಾಡಿದ್ದನ್ನೇ ನಾವು ಅವಳಿಗೆ ಮಾಡುತ್ತಿಲ್ಲವೇ?

ಬರುವ ಸಭೆಯಲ್ಲಿ ಚಹಾ ನಾವು ಕಾಸೋಣ. ಮಾತು ಅವರು ಆಡಲಿ. ಹಾಡೂ ಅವರದೇ ಮೊದಲಾಗಲಿ. ಇದು ಉಪಕಾರವಲ್ಲ. ಬಾಕಿ ತೀರಿಸುವ ಕೆಲಸ.