ಸಹಿ ಮಾಡೋ ಮೊದಲು ಲೆಕ್ಕ ಕೇಳ್ರಿ, ಅಪ್ಪಂದಿರೇ!

ಬೆಳಗಾವಿ ಜಿಲ್ಲೆಗೆ ಸೈನ್ಯ ಹೊಸದಲ್ಲ. ಶಹರದ ಕ್ಯಾಂಪಿನಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಬೇರು ಬಿಟ್ಟಿದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಊರಲ್ಲೇ ಮಿಲಿಟರಿ ಸ್ಕೂಲು, ಅತ್ತ ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆ. ಇಷ್ಟೆಲ್ಲ ಕಣ್ಣೆದುರಿಗೇ ಇರುವಾಗ ಹತ್ತನೇ ಇಯತ್ತೆ ದಾಟಿದ ಹುಡುಗ ಒಂದು ರಾತ್ರಿ ಊಟಕ್ಕೆ ಕೂತಾಗ "ಅಪ್ಪಾ, ನಾ ಮಿಲಿಟರಿಗೆ ಹೊಕ್ಕೀನಿ" ಅಂದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಆಶ್ಚರ್ಯ ಇರೋದು ಅಪ್ಪಂದಿರ ಉತ್ತರದಲ್ಲಿ. ನಮ್ಮ ಕಡೆ ಎರಡು ತರಹದ ಅಪ್ಪಂದಿರು. "ಸಾಯಾಕ ಹೊಂಟೀ ಏನೋ ತಮ್ಮಾ? ಸುಮ್ಮನ ಹೊಲ ನೋಡ್ಕೋ" ಅಂತ ಬಾಯಿ ಮುಚ್ಚಿಸುವವರು ಒಂದು ಜಾತಿ. ಮಾತು ಮುಗಿಯೋ ಮೊದಲೇ ಎದೆ ಉಬ್ಬಿಸಿ ಓಣಿಗೆಲ್ಲ ಕುಂದಾ ಹಂಚುವವರು ಇನ್ನೊಂದು ಜಾತಿ. ಇವರಿಬ್ಬರಲ್ಲಿ ಯಾರೊಬ್ಬರೂ ಹುಡುಗನನ್ನು ಕೂಡಿಸಿಕೊಂಡು "ಯಾವ ಹುದ್ದೆ? ಎಷ್ಟು ವರ್ಷ? ಆಮ್ಯಾಲೆ ಏನು?" ಅಂತ ಕೇಳುವುದಿಲ್ಲ. ಎಮ್ಮೆ ಕೊಳ್ಳೋವಾಗ ನಾಲ್ಕು ಸಲ ಹಲ್ಲು ನೋಡುವ ಜನ ನಾವು, ಮಗನ ವಿಷಯದಲ್ಲಿ ಮಾತ್ರ ಒಂದೇ ಮಾತಿಗೆ ಹೂಂ ಇಲ್ಲವೇ ಊಹೂಂ.

ಕೇಳಲೇಬೇಕಾದ ಕಾರಣ ಒಂದಿದೆ. ಅಗ್ನಿವೀರನಾಗಿ ಸೇರಲು 17½ ವರ್ಷ ತುಂಬಿದ್ದರೆ ಸಾಕು. 18 ತುಂಬಿರದಿದ್ದರೆ ಭರ್ತಿ ಅರ್ಜಿಯ ಮೇಲೆ ತಂದೆ, ತಾಯಿ ಅಥವಾ ಪಾಲಕರ ಸಹಿ ಬೇಕು. ಅಂದರೆ ಹುಡುಗ ಹೋಗುವ ಹಾದಿಯಲ್ಲಿ ನಿಮ್ಮದೂ ಒಂದು ಸಹಿ ಇದೆ. ಸೊಸಾಯಿಟಿಯ ಸಾಲದ ಕಾಗದಕ್ಕೆ ಒತ್ತುವ ಹೆಬ್ಬೆಟ್ಟಿನ ಹಾಗೆ ಅದನ್ನು ಒತ್ತಿ ಕೊಡುವುದು ಬೇಡ.

ಕಾಗದದಲ್ಲಿ ಏನಿದೆ ನೋಡೋಣ. 2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆ ಪ್ರಕಟಿಸಿತು. ಅಧಿಕಾರಿ ದರ್ಜೆಗಿಂತ ಕೆಳಗೆ ಸಿಪಾಯಿಯಾಗಿ ಸೇರಬೇಕೆಂದರೆ ಇದೇ ಬಾಗಿಲು. ಅವಧಿ ನಾಲ್ಕು ವರ್ಷ, ತರಬೇತಿಯೂ ಅದರಲ್ಲೇ ಸೇರಿತು. ಮೊದಲ ವರ್ಷ ತಿಂಗಳಿಗೆ 30,000 ರೂ., ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000. ಕೇಳೋಕೆ ಚೆಂದ. ಆದರೆ ಇದರಲ್ಲಿ ಶೇ. 30 ಮುರಿದುಕೊಂಡು ಸೇವಾನಿಧಿಗೆ ಹಾಕುತ್ತಾರೆ. ಹೀಗಾಗಿ ಕೈಗೆ ಬರೋದು ಮೊದಲ ವರ್ಷ 21,000, ಕೊನೇ ವರ್ಷ 28,000. ಹುಡುಗನಿಂದ ಮುರಿದಷ್ಟೇ ಹಣವನ್ನು ಸರ್ಕಾರವೂ ಹಾಕುತ್ತದೆ. ನಾಲ್ಕು ವರ್ಷಕ್ಕೆ ಎರಡೂ ಕೂಡಿ 10.04 ಲಕ್ಷ ರೂ.; ಬಡ್ಡಿ ಸೇರಿದರೆ ಸುಮಾರು 11.71 ಲಕ್ಷ ಎಂದು ಆಗ ಸರ್ಕಾರವೇ ಲೆಕ್ಕ ಕೊಟ್ಟಿತ್ತು. ಅದಕ್ಕೆ ಆದಾಯ ತೆರಿಗೆ ಇಲ್ಲ. ಇದರಲ್ಲಿ ಅರ್ಧ ಹುಡುಗನ ಸ್ವಂತ ಪಗಾರದ ದುಡ್ಡೇ ಅನ್ನೋದನ್ನ ಮಾತ್ರ ಊರ ಕಟ್ಟೆಯ ಮೇಲೆ ಯಾರೂ ಹೇಳೋದಿಲ್ಲ. ಅಲ್ಲಿ "ಸರ್ಕಾರ ಹನ್ನೆರಡು ಲಕ್ಷ ಕೊಡ್ತದಂತ" ಅನ್ನೋದಷ್ಟೇ ಸುದ್ದಿ!

ಆ ನಾಲ್ಕು ವರ್ಷ ಮುಗಿದ ಮೇಲೆ ಪ್ರತಿ ತಂಡದಲ್ಲಿ ಹೆಚ್ಚೆಂದರೆ ಶೇ. 25 ಮಂದಿಯನ್ನು ಖಾಯಂ ಮಾಡಿಕೊಳ್ಳುತ್ತಾರೆ. ಅವರು ಇನ್ನೂ ಕನಿಷ್ಠ 15 ವರ್ಷ ದುಡಿಯಬೇಕು. ಪಿಂಚಣಿ ಸಿಗೋದು ಅವರಿಗೇ. ಉಳಿದವರು ಊರಿಗೆ ವಾಪಸ್. ನನ್ನನ್ನೇ ಇಟ್ಟುಕೊಳ್ಳಿ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ, ಅದು ಸೈನ್ಯದ ತೀರ್ಮಾನ. ವಾಪಸ್ ಬಂದವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಮಾಜಿ ಸೈನಿಕ ಅನ್ನುವ ದರ್ಜೆಯನ್ನೂ ಯೋಜನೆ ಕೊಡುವುದಿಲ್ಲ. ಹಾಗಾಗಿ ಮಿಲಿಟರಿ ಕ್ಯಾಂಟೀನೂ ಇಲ್ಲ, ಮಾಜಿ ಸೈನಿಕರ ದವಾಖಾನೆ ಸೌಲಭ್ಯವೂ ಇಲ್ಲ. ಮಧ್ಯದಲ್ಲಿ ಬೇಸರ ಬಂತು ಅಂತ ಬಿಟ್ಟು ಬರೋ ಹಾಗೂ ಇಲ್ಲ. ತೀರಾ ಅಪರೂಪದ ಪ್ರಸಂಗ ಬಿಟ್ಟರೆ ಸ್ವಂತ ಕೋರಿಕೆಯ ಬಿಡುಗಡೆಗೆ ಅವಕಾಶ ಇಲ್ಲ.

ನಿಮ್ಮ ಅಣ್ಣನೋ ಮಾವನೋ ಹಿಂದೆ ಸೇರಿದ್ದ ಸೈನ್ಯ ಬೇರೆ, ನಿಮ್ಮ ಮಗ ಸೇರಲು ಹೊರಟಿರುವ ನೌಕರಿ ಬೇರೆ. ಆಗ ಸಿಪಾಯಿಯಾಗಿ ಹೋದವ ಹದಿನೈದು-ಹದಿನೇಳು ವರ್ಷ ದುಡಿದು, ಮೂವತ್ತೈದರ ಆಸುಪಾಸಿಗೆ ಪಿಂಚಣಿ ಪುಸ್ತಕ ಹಿಡಿದು ಬಂದು, ಬ್ಯಾಂಕಿನ ಬಾಗಿಲಲ್ಲಿ ಕಾವಲಿನ ಕೆಲಸವನ್ನೂ ಹಿಡಿಯುತ್ತಿದ್ದ. ಅವನ ಮನೆ ನೋಡಿ ನೀವು ಮಗನಿಗೆ ಹೂಂ ಅಂದರೆ ಹಳೇ ಭಾವಕ್ಕೆ ಹೊಸ ಸರಕು ಕೊಂಡ ಹಾಗಾಯಿತು.

ಈ ವ್ಯತ್ಯಾಸ ಹುಡುಗರಿಗೆ ತಿಳಿಯದ್ದೇನಲ್ಲ. 2022ರ ಜೂನ್‌ನಲ್ಲಿ ಧಾರವಾಡದ ಬೀದಿಯಲ್ಲಿ ಪೊಲೀಸರ ಲಾಠಿ ಬಿದ್ದದ್ದು ಇದೇ ಹುಡುಗರ ಮೈಮೇಲೆ. ಕರೋನಾ ಅಂತ ಎರಡು ವರ್ಷ ಭರ್ತಿ ರ್‍ಯಾಲಿ ನಿಂತಿತ್ತು. ದಿನಾ ನಸುಕಿನಲ್ಲಿ ಎದ್ದು ಓಡುತ್ತಾ ಕಾದಿದ್ದವರ ವಯಸ್ಸು ಕಾಯಲಿಲ್ಲ. ಆ ಒಂದು ವರ್ಷಕ್ಕೆ ಮಾತ್ರ ವಯೋಮಿತಿಯನ್ನು 23ಕ್ಕೆ ಏರಿಸಿದರು. ಯೋಜನೆಯ ವಿರುದ್ಧದ ಅರ್ಜಿಗಳನ್ನು 2023ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟು ವಜಾ ಮಾಡಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಕೋರ್ಟಿನ ಬಾಗಿಲು ಅಲ್ಲಿಗೆ ಮುಗಿಯಿತು.

ಈಗ ಯಾವ ಮನೆಯಲ್ಲೂ ಬಾಯಿಬಿಟ್ಟು ಆಡದ ಮಾತು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ನಮ್ಮ ಪಕ್ಕದ ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಹಿಮದಡಿಯಿಂದ ಜೀವಂತ ಸಿಕ್ಕರು. ಇಡೀ ನಾಡು ಪೂಜೆ ಮಾಡಿಸಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ಸಿಯಾಚಿನ್‌ನಲ್ಲಿ 2023ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಅಗ್ನಿವೀರ ಅಕ್ಷಯ ಗವಟೆ ತೀರಿಕೊಂಡರು. ಇಬ್ಬರೂ ನಿಂತದ್ದು ಒಂದೇ ಹಿಮದ ಮೇಲೆ, ಹೊತ್ತದ್ದು ಒಂದೇ ಬಂದೂಕು. ಹನುಮಂತಪ್ಪನವರು ಹಳೇ ಪದ್ಧತಿಯ ಸೈನಿಕರು. ಆ ಪದ್ಧತಿಯಲ್ಲಿ ಹಿಂದೆ ಉಳಿದವರಿಗೆ ಕುಟುಂಬ ಪಿಂಚಣಿ ಉಂಟು. ಅಗ್ನಿವೀರನಿಗೆ 48 ಲಕ್ಷ ರೂ. ವಿಮೆ, ಕರ್ತವ್ಯದಲ್ಲಿ ಮಡಿದರೆ 44 ಲಕ್ಷ ಪರಿಹಾರಧನ, ಉಳಿದ ಅವಧಿಯ ಪಗಾರ, ಸೇವಾನಿಧಿ ಎಲ್ಲಾ ಇದೆ. ಒಟ್ಟು ಮೊತ್ತ ಕೋಟಿ ದಾಟುತ್ತದೆ, ಇಲ್ಲ ಅನ್ನಲಾಗದು. ಆದರೆ ತಿಂಗಳ ಪಿಂಚಣಿ ಯೋಜನೆಯಲ್ಲಿ ಇಲ್ಲ. ಒಮ್ಮೆಲೇ ಕೈಗೆ ಬಂದ ಗಂಟು ಮನೆಯಲ್ಲಿ ಎಷ್ಟು ದಿನ ಇರುತ್ತದೆ, ಯಾರ್‍ಯಾರು ನೆಂಟರಾಗಿ ಬರುತ್ತಾರೆ ಎಂಬುದನ್ನು ಹಳ್ಳಿಯಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಕಳಿಸಲೇಬೇಡಿ ಅನ್ನುತ್ತೀಯೇನಪ್ಪಾ ಎಂದು ಯಾರಾದರೂ ಕೇಳಬಹುದು. ಇಲ್ಲ. ಎರಡು ಎಕರೆ ಒಣಬೇಸಾಯದ ಮನೆಗೆ ತಿಂಗಳಿಗೆ 21,000 ಸಣ್ಣದಲ್ಲ. ಅದೂ ಅಲ್ಲದೆ ಎಲ್ಲ ಹುಡುಗರೂ ಪಗಾರಕ್ಕೇ ಹೋಗೋದಿಲ್ಲ. ಆ ಶಿಸ್ತು, ಆ ಸಮವಸ್ತ್ರ, ಊರು ಬಿಟ್ಟು ದೇಶ ಕಾಣುವ ಆಸೆ — ಹದಿನೇಳರ ಹರೆಯದಲ್ಲಿ ಇದೆಲ್ಲ ನಿಜವಾದದ್ದೇ. "ಸಾಯಾಕ ಹೊಂಟೀ ಏನೋ" ಅಂದ ಮಾತ್ರಕ್ಕೆ ಅದು ಹೋಗೋದಿಲ್ಲ. ಹುಡುಗ ಮಾತಾಡೋದು ಬಿಡುತ್ತಾನೆ ಅಷ್ಟೇ. ಆಮೇಲೆ ಅವನಿಗೆ ಸಲಹೆ ಕೊಡೋರು ಅಕಾಡೆಮಿಯವರು.

ಈ ಅಕಾಡೆಮಿಗಳದ್ದೇ ಒಂದು ಕಥೆ. ನಿವೃತ್ತ ಸೈನಿಕರು ನಿಷ್ಠೆಯಿಂದ ನಡೆಸುವಂಥವೂ ಇವೆ, ಮೈದಾನವೇ ಇಲ್ಲದೆ ಬೋರ್ಡು ಮಾತ್ರ ಇರುವಂಥವೂ ಇವೆ. "ಒಳಗೆ ನಮ್ಮೋರು ಅದಾರ, ಸೆಲೆಕ್ಷನ್ ಗ್ಯಾರಂಟಿ" ಅಂದವನ ಹತ್ತಿರ ಒಂದು ಪೈಸೆಯನ್ನೂ ಬಿಚ್ಚಬೇಡಿ. 2023ರಿಂದ ಕ್ರಮ ಬದಲಾಗಿದೆ. ಮೊದಲು ಕಂಪ್ಯೂಟರಿನ ಮೇಲೆ ಲಿಖಿತ ಪರೀಕ್ಷೆ. ಪಾಸಾದವರಿಗಷ್ಟೇ ರ್‍ಯಾಲಿಯ ಓಟ. ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ಬರೀ ಓಡಿಸಿ ಫೀಸು ವಸೂಲಿ ಮಾಡುವ ಅಕಾಡೆಮಿಯಿಂದ ಅರ್ಧ ಕೆಲಸವೂ ಆಗದು. ಓಟವನ್ನಂತೂ ಊರ ರಸ್ತೆಯಲ್ಲಿ ಪುಕ್ಕಟೆ ಕಲಿಯಬಹುದು: 1.6 ಕಿ.ಮೀ. ದೂರವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ, ಹತ್ತು ಪುಲ್ ಅಪ್ ತೆಗೆದರೆ 40. ಶಾಲೆಯಲ್ಲಿ ಎನ್‌ಸಿಸಿ ಇದ್ದರೆ ಸೇರಿಸಿ, ಸರ್ಟಿಫಿಕೇಟಿಗೆ ಹೆಚ್ಚುವರಿ ಅಂಕ ಇದೆ.

ಅಕಾಡೆಮಿಗೆ ದುಡ್ಡು ಕಟ್ಟುವ ಮೊದಲು ಇನ್ನೊಂದು ಕೆಲಸ. ಹುಡುಗನನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ ಕಣ್ಣು, ಕಿವಿ, ಪಾದ, ಮೊಣಕಾಲು ತೋರಿಸಿ. ಬಣ್ಣ ಗುರುತಿಸುವ ದೋಷ, ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು ಇದ್ದರೆ ವೈದ್ಯಕೀಯ ಪರೀಕ್ಷೆಯಲ್ಲಿ ಹೊರಗೆ ಹಾಕುತ್ತಾರೆ. ಎತ್ತರ ನಮ್ಮ ರಾಜ್ಯದವರಿಗೆ 166 ಸೆಂ.ಮೀ. ಬೇಕು. ಎರಡು ವರ್ಷ ಓಡಿ, ಪರೀಕ್ಷೆ ಪಾಸಾಗಿ, ಕೊನೆಗೆ ಬಣ್ಣದ ಚುಕ್ಕೆಯ ಪುಸ್ತಕದ ಮುಂದೆ ಸೋತು ಬರುವ ಹುಡುಗನ ಸಂಕಟ ಯಾಕೆ ಬೇಕು? ಹದಿನೈದು ನಿಮಿಷದ ತಪಾಸಣೆಯಲ್ಲಿ ಗೊತ್ತಾಗುವ ಸಂಗತಿ ಇದು.

ಇನ್ನು ಹಳ್ಳಿ ಶಾಲೆಗಳಲ್ಲಿ ಯಾರೂ ಹೇಳದ ಬಾಗಿಲು ಒಂದಿದೆ. ಪಿಯುಸಿ ಎರಡನೇ ವರ್ಷ ಓದುತ್ತಿರುವಾಗಲೇ ಎನ್‌ಡಿಎ ಪರೀಕ್ಷೆಗೆ ಅರ್ಜಿ ಹಾಕಬಹುದು. ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ವಯಸ್ಸು 16½ರಿಂದ 19½ರ ನಡುವೆ ಇರಬೇಕು. ಭೂಸೇನೆಯ ವಿಭಾಗಕ್ಕೆ ಕಲಾ ವಿಭಾಗದ ಹುಡುಗನೂ ನಡೆದೀತು. ನೌಕಾದಳ, ವಾಯುಪಡೆಗೆ ಮಾತ್ರ ವಿಜ್ಞಾನ-ಗಣಿತ ಬೇಕು. ಅದರಲ್ಲಿ ಗೆದ್ದವರಿಗೆ ಪುಣೆ ಹತ್ತಿರದ ಖಡಕವಾಸ್ಲಾದಲ್ಲಿ ಮೂರು ವರ್ಷ ಸರ್ಕಾರಿ ಖರ್ಚಿನ ತರಬೇತಿ, ಕೈಗೊಂದು ಡಿಗ್ರಿ, ಮುಂದೆ ಖಾಯಂ ಅಧಿಕಾರಿ ಹುದ್ದೆ, ಪಿಂಚಣಿ. 2021ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಹುಡುಗಿಯರಿಗೂ ಬಾಗಿಲು ತೆರೆಯಿತು. 2025ರ ಮೇ ತಿಂಗಳಲ್ಲಿ ಮೊದಲ ತಂಡದ 17 ಹುಡುಗಿಯರು ಅಲ್ಲಿಂದ ಹೊರಬಂದರು. ಮಗಳು ಕೇಳಿದರೂ ಇದೇ ಮಾತು.

ಇದೆಲ್ಲ ಸುಲಭ ಅಂತಲ್ಲ. ಸಿಪಾಯಿಯ ಪರೀಕ್ಷೆಗೆ ಕನ್ನಡ ಸಿಕ್ಕಿತು, ಅಧಿಕಾರಿಯ ಪರೀಕ್ಷೆಗೆ ಇನ್ನೂ ಹಿಂದಿ-ಇಂಗ್ಲಿಷೇ. ಕನ್ನಡ ಶಾಲೆಯ ಹುಡುಗ ಬಂದೂಕು ಹೊರಲಿ, ಅಧಿಕಾರ ಬೇರೆಯವರು ಮಾಡಲಿ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದರೆ ನಡೆಯುತ್ತಿರುವುದು ಹಾಗೇ. ನಮ್ಮ ಸಂಸದರು ಇದನ್ನು ದೆಹಲಿಯಲ್ಲಿ ಒಮ್ಮೆ ಗಟ್ಟಿಯಾಗಿ ಕೇಳಿದರೆ ರ್‍ಯಾಲಿ ಮೈದಾನದಲ್ಲಿ ಬ್ಯಾನರ್ ಕಟ್ಟಿಸುವುದಕ್ಕಿಂತ ಹೆಚ್ಚಿನ ಉಪಕಾರ ಆದೀತು.

ಆದ್ದರಿಂದ ಪಿಯುಸಿ ಬಿಡಿಸಿ ರ್‍ಯಾಲಿಗೆ ಓಡಿಸಬೇಡಿ. ಎರಡು ವರ್ಷ ಕಳೆದ ಮಾತ್ರಕ್ಕೆ ಅಗ್ನಿವೀರನ ಬಾಗಿಲು ಮುಚ್ಚೋದಿಲ್ಲ, ಪಿಯುಸಿ ಕೈಯಲ್ಲಿದ್ದರೆ ಇನ್ನೂ ನಾಲ್ಕು ಬಾಗಿಲು ತೆರೆದಿರುತ್ತವೆ. ವಾಪಸ್ ಬಂದ ಮೇಲೆ ಏನು ಅನ್ನುವುದಕ್ಕೆ ಕೇಂದ್ರ ಗೃಹ ಇಲಾಖೆ 2022ರಲ್ಲೇ ತನ್ನ ಅರೆಸೇನಾ ಪಡೆಗಳಲ್ಲಿ ಶೇ. 10 ಮೀಸಲು ಎಂದು ಪ್ರಕಟಿಸಿತ್ತು. ಮೀಸಲು ಅಂದರೆ ನೌಕರಿ ಮನೆಗೆ ಬಂತು ಅಂತಲ್ಲ, ಮತ್ತೆ ಅರ್ಜಿ ಹಾಕಬೇಕು, ಮತ್ತೆ ಸ್ಪರ್ಧಿಸಬೇಕು. ಅಲ್ಲಿಯೂ ಓದಿದವನಿಗೇ ಬೆಲೆ.

2022ರ ಕೊನೆಗೆ, 2023ರ ಜನವರಿಗೆ ತರಬೇತಿಗೆ ಹೋದ ಮೊದಲ ತಂಡಗಳಿಗೆ ನಾಲ್ಕು ವರ್ಷ ತುಂಬುವುದು 2026ರ ಕೊನೆಯಿಂದ 2027ರ ಆರಂಭದ ಹೊತ್ತಿಗೆ. ಅಗ್ನಿವೀರನಾಗಿ ಹೋದವ ನಿಮ್ಮ ಊರಿನಲ್ಲೂ ಒಬ್ಬ ಇದ್ದೇ ಇರುತ್ತಾನೆ. ರಜೆಗೆ ಬಂದಾಗ ಮಗನನ್ನು ಅವನ ಹತ್ತಿರ ಕಳಿಸಿ. ಪಗಾರ, ಚಳಿ, ಉಸ್ತಾದನ ಬೈಗುಳ, ಗೆಳೆಯರು, ಮುಂದಿನ ಚಿಂತೆ ಎಲ್ಲ ಕೇಳಿಕೊಂಡು ಬರಲಿ. ಅಪ್ಪಂದಿರು ಜತೆಗೆ ಹೋಗಬೇಡಿ. ನೀವು ಎದುರಿಗೆ ಕೂತರೆ ಅವನೂ ನಿಜ ಹೇಳೋದಿಲ್ಲ, ಇವನೂ ಕೇಳೋದಿಲ್ಲ.