ಕಿತ್ತಳೆ ಅಂಗಿ ಮತ್ತು ಕತ್ತಲ ಬೇಟೆ

ಬನಶಂಕರಿ, ಜಯನಗರದ ವೃತ್ತಗಳಲ್ಲಿ ನಿಲ್ಲುವ ಸಂಚಾರ ಪೊಲೀಸರ ಮೈಮೇಲೆ ಬೆಳಕು ಬಿದ್ದೊಡನೆ ಹೊಳೆಯುವ ಜಾಕೆಟ್ ಇರುತ್ತದೆ. ಇಲ್ಲೊಬ್ಬ ಮನುಷ್ಯನಿದ್ದಾನೆಂದು ವಾಹನದವನಿಗೆ ದೂರದಿಂದಲೇ ತಿಳಿಸುವುದು ಅದರ ಕೆಲಸ. ಮಲೆನಾಡಿನಿಂದ ಓದಿಗೋ ನೌಕರಿಗೋ ಬಂದು ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರಗಳ ಬಾಡಿಗೆ ಕೋಣೆಗಳಲ್ಲಿ ನೆಲೆಸಿದ ಯುವಕರು ಇದನ್ನು ದಿನವೂ ಕಾಣುತ್ತಾರೆ. ಅವರಲ್ಲೇ ಕೆಲವರು ರಜೆಗೆ ಊರು ಸೇರಿದಾಗ ತಲೆಗೆ ಟಾರ್ಚು ಕಟ್ಟಿ, ಕಪ್ಪು ಅಂಗಿ ತೊಟ್ಟು, ಕೋವಿಯವರ ಹಿಂದೆ ಕಾಡು ಹೊಗುತ್ತಾರೆ. ಹಂದಿಯೆಂದು ಭ್ರಮಿಸಿ ಹಾರಿಸಿದ ಈಡು ಜೊತೆಗಾರನಿಗೋ ದಾರಿಹೋಕನಿಗೋ ತಗುಲಿದ ಸುದ್ದಿ ಮಲೆನಾಡಿನ ಜಿಲ್ಲೆಗಳಿಂದ ಮತ್ತೆ ಮತ್ತೆ ಬರುತ್ತಲೇ ಇದೆ.

ಬೇಟೆಗೆ ಅವಕಾಶವಿರುವ ಹಲವು ದೇಶಗಳು ಇದಕ್ಕೆ ಉಡುಪಿನಲ್ಲಿ ಉಪಾಯ ಹುಡುಕಿವೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬಂದೂಕು ಹಿಡಿದು ಜಿಂಕೆ ಬೇಟೆಗೆ ಹೊರಟವನು ಸೊಂಟದ ಮೇಲೆ ಕನಿಷ್ಠ 500 ಚದರ ಅಂಗುಲದಷ್ಟು ಪ್ರಖರ ಕಿತ್ತಳೆ ಅಥವಾ ಗುಲಾಬಿ ಬಣ್ಣ ಧರಿಸಬೇಕು. ಟೋಪಿಯೂ ಅದೇ ಬಣ್ಣದ್ದಾಗಿರಬೇಕು. ಕೆಂಪು ಹಸಿರುಗಳ ಭೇದವನ್ನು ಸರಿಯಾಗಿ ಅರಿಯದ ಜಿಂಕೆಗೆ ಕಿತ್ತಳೆ ಎದ್ದು ಕಾಣದು. ಮನುಷ್ಯನ ಕಣ್ಣಿಗೆ ತಪ್ಪದು.

ಇಲ್ಲಿಯೂ ಅಂಥ ನಿಯಮ ಏಕಿರಬಾರದು? ಪ್ರಶ್ನೆ ಸಹಜವೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬೇಟೆಯೇ ನಿಷಿದ್ಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ದೊರೆತಿರುವ ವಿನಾಯಿತಿ ಕೋವಿಯ ಪರವಾನಗಿಗೆ ಸಂಬಂಧಿಸಿದ್ದು. ಅದು ಬೇಟೆಯ ಹಕ್ಕಲ್ಲ. ನಿಷಿದ್ಧ ಕೃತ್ಯಕ್ಕೆ ಸರ್ಕಾರ ಸಮವಸ್ತ್ರ ಗೊತ್ತುಮಾಡುವಂತಿಲ್ಲ. ಅರಣ್ಯ ರಕ್ಷಕನ ಕಣ್ಣು ತಪ್ಪಿಸಿ ನಡೆಯುವವನು ಎದ್ದು ಕಾಣುವ ಬಟ್ಟೆ ತೊಡುವುದೂ ಇಲ್ಲ. ಕದ್ದು ಆಡುವ ಬೇಟೆಯ ಗುಟ್ಟೇ ಅದರ ಅಪಾಯ.

ಬಣ್ಣಕ್ಕೂ ಮಿತಿಯಿದೆ. ಪ್ರಖರ ಕಿತ್ತಳೆ ಹಗಲ ಬೆಳಕಿನಲ್ಲಿ ಮಾತ್ರ ಉರಿಯುತ್ತದೆ. ಇರುಳಲ್ಲಿ ಅದೂ ಕಪ್ಪೇ. ಹೊಳೆಯುವ ಪಟ್ಟಿಯೂ ಲಂಟಾನದ ಪೊದೆಯ ಮರೆಯಲ್ಲಿ ಕಾಣದು. ದಾರಿಗೆ ತಂತಿ ಕಟ್ಟಿ ಇಟ್ಟ ಕೋವಿಗಂತೂ ಕಣ್ಣೇ ಇಲ್ಲ. ಮೇಲಾಗಿ, ಬೇಟೆಗಾರರೆಲ್ಲ ಜಾಕೆಟ್ ತೊಟ್ಟರೆ ಉಳಿಯುವುದು ಅವರವರ ಜೀವ. ಸೌದೆಗೆ ಹೋದ ಹೆಂಗಸು, ಗದ್ದೆ ಕಾಯಲು ಮಾಳ ಹತ್ತಿದ ಮುದುಕ ಹಳೆಯ ಮಾಸಲು ಬಟ್ಟೆಯಲ್ಲೇ ಇರುತ್ತಾರೆ. ಗುಂಡು ತಪ್ಪಿಸಿಕೊಳ್ಳುವ ಹೊಣೆಯನ್ನು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ.

ಹಾಗೆಂದು ಹಂದಿಯ ಹಾವಳಿಯಿಂದ ಬೆಳೆ ಕಳೆದುಕೊಂಡ ರೈತನ ಸಂಕಟ ಸುಳ್ಳಲ್ಲ. ಬೆಳೆಗೆ ಅಪಾಯಕಾರಿಯಾದ ಕೆಲವು ಪ್ರಾಣಿಗಳ ವಿಷಯದಲ್ಲಿ ಲಿಖಿತ ಅನುಮತಿ ನೀಡಲು ಕಾಯಿದೆಯ 11ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಕಿತ್ತಳೆ ಅಂಗಿಗೆ ನ್ಯಾಯವಾದ ಜಾಗವಿರುವುದು ಅಲ್ಲಿ. ಅನುಮತಿ ಕೊಡುವಾಗಲೇ ಹಗಲಿನ ಸಮಯ, ಕಿತ್ತಳೆ ಅಂಗಿ, ಅಕ್ಕಪಕ್ಕದ ಮನೆಗಳಿಗೆ ಮುನ್ಸೂಚನೆ ಇವು ಮೂರನ್ನೂ ಕಡ್ಡಾಯ ಮಾಡಬೇಕು. ಬೆಳೆ ಪರಿಹಾರ ಕಾಲಕ್ಕೆ ಸರಿಯಾಗಿ ಕೈಸೇರಿದರೆ ಕೋವಿ ಹೊರತೆಗೆಯುವ ಸಂದರ್ಭಗಳೂ ಕಡಿಮೆಯಾದಾವು.

ಉಳಿದದ್ದು ಊರಿನ ಕೈಯಲ್ಲಿದೆ. ಸದ್ದಾದತ್ತ ಈಡು ಹೊಡೆಯುವುದನ್ನು ಗಂಡಸುತನವೆಂದು ಹೊಗಳುವ ಹಿರಿಯರು ಆ ಮಾತನ್ನು ನಿಲ್ಲಿಸಬೇಕು. ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬರುವ ಹುಡುಗರು ಕರೆ ಬಂದಾಗ ಬೇಡವೆನ್ನಬೇಕು. ಅವರು ಬೆಳಗ್ಗೆ ಊರಲ್ಲಿ ಇಳಿಯುವುದನ್ನು ಕಾಯುತ್ತಿರುವುದು ಶಿಕಾರಿಯವರು ಮಾತ್ರವಲ್ಲ, ಮನೆಯವರು.